ನಿಮ್ಮ ಆಪರೇಟಿಂಗ್ ಸಿಸ್ಟಮ್ ಎಷ್ಟು ರ‍್ಯಾಮ್ ಬಳಸಬಲ್ಲದು: ಕೊಳ್ಳುವ ಮೊದಲು ತಿಳಿಯುವ ಬಗೆ

ಮನೆಯ ಕಂಪ್ಯೂಟರಿಗೆ ರ‍್ಯಾಮ್ ಹೆಚ್ಚಿಸಲು ಹೊರಡುವವರು, ಹೊಸದಾಗಿ ಹಾಕುವ ಮೆಮೊರಿಯನ್ನು ತಮ್ಮ ಆಪರೇಟಿಂಗ್ ಸಿಸ್ಟಮ್ ಬಳಸಿಕೊಳ್ಳಬಲ್ಲದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಆಪರೇಟಿಂಗ್ ಸಿಸ್ಟಮ್ 32 ಬಿಟ್‌ನದೋ 64 ಬಿಟ್‌ನದೋ, ಅದರ ಯಾವ ಆವೃತ್ತಿ ನಿಮ್ಮಲ್ಲಿದೆ, ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ಎಷ್ಟನ್ನು ತಾಳುತ್ತವೆ ಎಂಬ ಮೂರು ಸಂಗತಿಗಳಲ್ಲಿ ಯಾವುದರ ಮಿತಿ ಎಲ್ಲಕ್ಕಿಂತ ಕಡಿಮೆಯೋ ಅದೇ ನಿಮ್ಮ ಯಂತ್ರದ ನಿಜವಾದ ಮಿತಿ.

ವಿಂಡೋಸ್ 10 ಅಥವಾ 11 ಇದ್ದರೆ ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್ ವಿಭಾಗದ ಕೊನೆಯಲ್ಲಿರುವ ‘ಅಬೌಟ್’ ಪುಟಕ್ಕೆ ಹೋಗಿ. ಅಲ್ಲಿ ‘ಇನ್‌ಸ್ಟಾಲ್ಡ್ ರ‍್ಯಾಮ್’ ಮತ್ತು ‘ಸಿಸ್ಟಮ್ ಟೈಪ್’ ಎಂಬ ಎರಡು ಸಾಲುಗಳಿರುತ್ತವೆ. ಮೊದಲನೆಯ ಸಾಲಿನಲ್ಲಿ 4.00 ಜಿಬಿ ಎಂದಿದ್ದು, ಪಕ್ಕದ ಆವರಣದಲ್ಲಿ 3.25 ಜಿಬಿ ಮಾತ್ರ ಬಳಕೆಗೆ ಲಭ್ಯವೆಂದು ಬರೆದಿದ್ದರೆ, ಎರಡನೆಯ ಸಾಲನ್ನು ಎಚ್ಚರಿಕೆಯಿಂದ ಓದಬೇಕು. ‘32 ಬಿಟ್ ಆಪರೇಟಿಂಗ್ ಸಿಸ್ಟಮ್, ಎಕ್ಸ್64 ಪ್ರೊಸೆಸರ್’ ಎಂದು ಅಲ್ಲಿದ್ದರೆ, ಪ್ರೊಸೆಸರ್ 64 ಬಿಟ್‌ಗೆ ಸಿದ್ಧವಾಗಿದ್ದರೂ ಅದರ ಮೇಲೆ ಕೂತಿರುವ ವಿಂಡೋಸ್ ಸಿದ್ಧವಿಲ್ಲ ಎಂದರ್ಥ.

ಹಾಗಾದರೆ ಉಳಿದ ಮುಕ್ಕಾಲು ಜಿಬಿ ಎಲ್ಲಿ ಹೋಯಿತು? ಮೆಮೊರಿಯ ಪ್ರತಿ ಬೈಟಿಗೂ ಒಂದು ವಿಳಾಸ ಬೇಕು. 32 ಬಿಟ್‌ಗಳಲ್ಲಿ (0 ಅಥವಾ 1 ಆಗಬಲ್ಲ 32 ಅಂಕೆಗಳಲ್ಲಿ) ಬರೆಯಬಹುದಾದ ವಿಳಾಸಗಳು 4,294,967,296, ಅಂದರೆ ಸರಿಯಾಗಿ 4 ಜಿಬಿಗೆ ಸಾಕಾಗುವಷ್ಟು. ಈ ವಿಳಾಸಗಳೆಲ್ಲವೂ ರ‍್ಯಾಮ್‌ಗೇ ಮೀಸಲಾಗಿರುವುದಿಲ್ಲ. ಗ್ರಾಫಿಕ್ಸ್ ಕಾರ್ಡ್, ನೆಟ್‌ವರ್ಕ್ ಕಾರ್ಡ್, ಬಯಾಸ್ (ಕಂಪ್ಯೂಟರನ್ನು ಶುರುಮಾಡುವ ಮೂಲ ತಂತ್ರಾಂಶ) ಮುಂತಾದವುಗಳೊಡನೆ ಪ್ರೊಸೆಸರ್ ಮಾತನಾಡುವುದೂ ಇದೇ ವಿಳಾಸಗಳ ಮೂಲಕ, ಆದ್ದರಿಂದ 4 ಜಿಬಿಯ ಮೇಲ್ತುದಿಯ ಒಂದು ಭಾಗವನ್ನು ಅವು ಆಕ್ರಮಿಸಿಕೊಳ್ಳುತ್ತವೆ. ಆ ಭಾಗದ ವಿಳಾಸ ಕಳೆದುಕೊಂಡ ರ‍್ಯಾಮ್ ಸ್ಲಾಟಿನಲ್ಲಿ ಕೂತಿದ್ದರೂ ಕೆಲಸಕ್ಕೆ ಬರುವುದಿಲ್ಲ. ಸಾಮಾನ್ಯವಾಗಿ 3ರಿಂದ 3.5 ಜಿಬಿಯವರೆಗೆ ಮಾತ್ರ ಕೈಗೆ ಸಿಗುವುದಕ್ಕೆ ಇದೇ ಕಾರಣ. ರ‍್ಯಾಮ್ ಕೆಟ್ಟಿದೆ ಎಂದು ಭಾವಿಸಿ ಅದನ್ನು ಬದಲಿಸುವುದರಿಂದ ಪ್ರಯೋಜನವಿಲ್ಲ.

ಇಂಟೆಲ್ 1995ರ ಪೆಂಟಿಯಂ ಪ್ರೊ ಪ್ರೊಸೆಸರ್‌ನಲ್ಲಿಯೇ ಪಿಎಇ ಎಂಬ ವ್ಯವಸ್ಥೆಯನ್ನು ತಂದು ಭೌತಿಕ ವಿಳಾಸವನ್ನು 36 ಬಿಟ್‌ಗೆ ಹಿಗ್ಗಿಸಿತ್ತು. ಅದರಿಂದ 64 ಜಿಬಿಯನ್ನು ತಲುಪಬಹುದಿತ್ತು. 32 ಬಿಟ್ ಲಿನಕ್ಸ್ ಇದನ್ನು ಬಳಸಿಕೊಳ್ಳುತ್ತದೆ. ಆದರೆ 4 ಜಿಬಿಗಿಂತ ಮೇಲಿನ ವಿಳಾಸಗಳನ್ನು ಹಲವು ಡ್ರೈವರ್‌ಗಳು (ಸಾಧನಗಳನ್ನು ನಡೆಸುವ ತಂತ್ರಾಂಶಗಳು) ಸರಿಯಾಗಿ ನಿಭಾಯಿಸದ ಕಾರಣ, ಮನೆಬಳಕೆಯ 32 ಬಿಟ್ ವಿಂಡೋಸ್‌ಗಳನ್ನು ಮೈಕ್ರೋಸಾಫ್ಟ್ 4 ಜಿಬಿಗೇ ನಿಲ್ಲಿಸಿತು. ಈ ಮಿತಿಯನ್ನು ಮುರಿಯುವುದಾಗಿ ಹೇಳಿಕೊಳ್ಳುವ ಪ್ಯಾಚ್‌ಗಳನ್ನು ದಯವಿಟ್ಟು ಹಾಕಿಕೊಳ್ಳಬೇಡಿ; ಸಿಸ್ಟಮ್‌ನ ಮೂಲ ಕಡತಗಳನ್ನೇ ತಿದ್ದುವ ಅವುಗಳಿಂದ ನಿಮ್ಮ ದತ್ತಾಂಶಕ್ಕೆ ಅಪಾಯವಿದೆ.

ಸರಿಯಾದ ದಾರಿಯೆಂದರೆ 64 ಬಿಟ್ ಆವೃತ್ತಿಗೆ ಹೋಗುವುದು. ಇದನ್ನು ಅಪ್‌ಗ್ರೇಡ್ ಮೂಲಕ ಮಾಡಲಾಗದು. ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿಟ್ಟು, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು. ಹಳೆಯ ಪ್ರಿಂಟರ್, ಸ್ಕ್ಯಾನರ್‌ಗಳಿಗೆ 64 ಬಿಟ್ ಡ್ರೈವರ್ ಸಿಗುತ್ತದೆಯೇ ಎಂದು ಮುಂಚೆಯೇ ನೋಡಿಕೊಳ್ಳಿ. 16 ಬಿಟ್ ಕಾಲದ ತಂತ್ರಾಂಶಗಳು 64 ಬಿಟ್ ವಿಂಡೋಸ್‌ನಲ್ಲಿ ನಡೆಯುವುದಿಲ್ಲ ಎಂಬುದೂ ನೆನಪಿರಲಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ; ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ, ಮತ್ತು ಅದು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನು ಕೇಳುತ್ತದೆ. ಆ ಸೌಲಭ್ಯವಿಲ್ಲದ ಹಳೆಯ ಯಂತ್ರಕ್ಕೆ 64 ಬಿಟ್ ಲಿನಕ್ಸ್ ಒಳ್ಳೆಯ ಆಯ್ಕೆ ಎಂಬುದು ನನ್ನ ಅಭಿಪ್ರಾಯ. ಆದರೆ 2 ಜಿಬಿಯಷ್ಟೇ ಇದ್ದು ಅದನ್ನು ಹೆಚ್ಚಿಸಲೂ ಆಗದಿದ್ದರೆ ಕೇವಲ ಬಿಟ್ ಬದಲಿಸುವುದರಿಂದ ಲಾಭವಿಲ್ಲ, ಏಕೆಂದರೆ 64 ಬಿಟ್ ವ್ಯವಸ್ಥೆ ತನಗಾಗಿಯೇ ಹೆಚ್ಚು ಮೆಮೊರಿ ಬೇಡುತ್ತದೆ.

64 ಬಿಟ್ ಆದ ಮೇಲೆ ಉಳಿಯುವುದು ಆವೃತ್ತಿಯ ಮಿತಿ. ವಿಂಡೋಸ್ 7 ಹೋಮ್ ಬೇಸಿಕ್ 8 ಜಿಬಿಗೂ ಹೋಮ್ ಪ್ರೀಮಿಯಂ 16 ಜಿಬಿಗೂ ನಿಲ್ಲುತ್ತಿದ್ದವು, ಪ್ರೊಫೆಷನಲ್ 192 ಜಿಬಿಯವರೆಗೆ ಹೋಗುತ್ತಿತ್ತು. ವಿಂಡೋಸ್ 10 ಮತ್ತು 11ರ ಹೋಮ್ ಆವೃತ್ತಿಗಳಿಗೆ ಮಿತಿ 128 ಜಿಬಿ, ಪ್ರೊಗೆ 2 ಟಿಬಿ. ಕೇವಲ ಈ ಅಂತರಕ್ಕಾಗಿ ಮನೆಬಳಕೆದಾರರು ಪ್ರೊ ಕೊಳ್ಳುವ ಅಗತ್ಯ ಬೀಳುವುದು ತೀರಾ ಅಪರೂಪ.

ಇಂದು ಹೆಚ್ಚಾಗಿ ಅಡ್ಡಬರುವುದು ಮದರ್‌ಬೋರ್ಡ್. ಇಂಟೆಲ್‌ನ ನಾಲ್ಕನೇ ತಲೆಮಾರಿನ ಸಾಮಾನ್ಯ ಡೆಸ್ಕ್‌ಟಾಪ್ ಕೋರ್ ಪ್ರೊಸೆಸರ್‌ಗಳು 32 ಜಿಬಿಯನ್ನೂ ಆರನೇ ತಲೆಮಾರಿನವು 64 ಜಿಬಿಯನ್ನೂ ಮೀರುವುದಿಲ್ಲ. ಎರಡೇ ಸ್ಲಾಟ್ ಇರುವ ಬೋರ್ಡಿನಲ್ಲಿ ಮಿತಿ ಇನ್ನೂ ಕೆಳಗಿರುತ್ತದೆ. ನಿಖರ ಅಂಕಿಯನ್ನು ತಯಾರಕರ ಕೈಪಿಡಿಯಲ್ಲಿ ನೋಡಿ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬ ಮೆಮೊರಿ ತಲೆಮಾರುಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ.

ಹೆಚ್ಚಿನ ರ‍್ಯಾಮ್ ನಿಜವಾಗಿ ಬೇಕೇ ಎಂದು ತಿಳಿಯಲು, ನಿತ್ಯದ ಕೆಲಸವೆಲ್ಲ ತೆರೆದಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಆರಿಸಿ. ‘ಕ್ಯಾಶ್ಡ್’ ಅಂಕಿ ದೊಡ್ಡದಿದ್ದರೆ ಗಾಬರಿ ಬೇಡ, ಅದು ಅಗತ್ಯ ಬಿದ್ದಾಗ ಬಿಟ್ಟುಕೊಡುವ ಜಾಗ. ಗಮನಿಸಬೇಕಾದದ್ದು ‘ಕಮಿಟೆಡ್’, ಅಂದರೆ ತೆರೆದ ತಂತ್ರಾಂಶಗಳಿಗೆ ಒದಗಿಸುವುದಾಗಿ ಸಿಸ್ಟಮ್ ಒಪ್ಪಿಕೊಂಡ ಮೆಮೊರಿ: ಅದರ ಮೊದಲ ಅಂಕಿ ನಿಮ್ಮ ರ‍್ಯಾಮ್‌ನ ಗಾತ್ರವನ್ನು ಸದಾ ಮೀರುತ್ತಿದ್ದು, ‘ಅವೈಲಬಲ್’ ತಳಮುಟ್ಟುತ್ತಿದ್ದರೆ, ಹೊಸ ರ‍್ಯಾಮ್ ಫಲ ಕೊಡುತ್ತದೆ. ಅದೇ ಪುಟದಲ್ಲಿ ಎಷ್ಟು ಸ್ಲಾಟ್‌ಗಳು ಭರ್ತಿಯಾಗಿವೆ ಎಂಬುದೂ ಇರುತ್ತದೆ.

ಹೊಸ ಮೆಮೊರಿ ಸ್ಟಿಕ್ ಹಾಕಿದ ಮೇಲೆ ಇದೇ ಪುಟದ ‘ಹಾರ್ಡ್‌ವೇರ್ ರಿಸರ್ವ್ಡ್’ ಎಂಬಲ್ಲಿ ದೊಡ್ಡ ಅಂಕಿ ಕಂಡರೆ, ಮೊದಲು ಎಂಎಸ್‌ಕಾನ್ಫಿಗ್ (ವಿಂಡೋಸ್ ಶುರುವಾಗುವ ಬಗೆಯನ್ನು ಹೊಂದಿಸುವ ಸಾಧನ) ತೆರೆದು, ಬೂಟ್ ವಿಭಾಗದ ಅಡ್ವಾನ್ಸ್ಡ್ ಆಯ್ಕೆಗಳಲ್ಲಿ ‘ಮ್ಯಾಕ್ಸಿಮಮ್ ಮೆಮೊರಿ’ಗೆ ಗುರುತು ಬಿದ್ದಿದ್ದರೆ ತೆಗೆಯಿರಿ. ಬಯಾಸ್‌ನಲ್ಲಿ ಮೆಮೊರಿ ರೀಮ್ಯಾಪ್ ಆಯ್ಕೆಯಿದ್ದರೆ ಚಾಲೂ ಮಾಡಿ. ಸಾಧನಗಳಿಗೆ ವಿಳಾಸ ಬಿಟ್ಟುಕೊಟ್ಟ ರ‍್ಯಾಮ್‌ಗೆ 4 ಜಿಬಿಯ ಆಚೆ ಹೊಸ ವಿಳಾಸ ಸಿಗುವುದು ಇದರಿಂದಲೇ. ಮದರ್‌ಬೋರ್ಡಿನಲ್ಲೇ ಗ್ರಾಫಿಕ್ಸ್ ಇರುವ ಯಂತ್ರದಲ್ಲಿ ಪರದೆಗಾಗಿ ಒಂದಿಷ್ಟು ಮೆಮೊರಿ ಕಡಿತವಾಗುವುದು ಸಹಜ. ಇಷ್ಟಾದರೂ ಅಂಕಿ ಇಳಿಯದಿದ್ದರೆ, ವಿದ್ಯುತ್ ಸಂಪರ್ಕ ತೆಗೆದು, ಸ್ಟಿಕ್ಕನ್ನು ಬಿಚ್ಚಿ, ಎರಡೂ ತುದಿಯ ಕೊಂಡಿಗಳು ಕಟಕ್ಕನೆ ಕೂರುವಂತೆ ಮತ್ತೆ ಒತ್ತಿ ಹಾಕಿ ನೋಡಿ.