ಮಸ್ಟ್: ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ಕನ್ನಡದ ‘ಬೇಕು’ ಕಂಡಲ್ಲೆಲ್ಲ ಇಂಗ್ಲಿಷಿನ ‘ಮಸ್ಟ್’ ತಂದು ಕೂರಿಸಿದರೆ ಎಡವಟ್ಟಾಗುತ್ತದೆ. ‘ನನಗೆ ನೀರು ಬೇಕು’ ಅನ್ನುವಲ್ಲಿ ಮಸ್ಟ್‌ಗೆ ಕೆಲಸವೇ ಇಲ್ಲ, ಅಲ್ಲಿ ‘ವಾಂಟ್’ ಸಾಕು. ‘ಕಟ್ಟಬೇಕು’, ‘ಹೋಗಲೇಬೇಕು’ ಎಂದು ಕ್ರಿಯಾಪದಕ್ಕೆ ‘ಬೇಕು’ ಅಂಟಿಕೊಂಡಾಗಷ್ಟೇ ಮಸ್ಟ್ ನೆನಪಾಗಲಿ.

ಅದರ ಮುಂದೆ ಕ್ರಿಯಾಪದದ ಮೂಲರೂಪ ಬರುತ್ತದೆ: ‘ಶಿ ಮಸ್ಟ್ ಪೇ’. ‘ಮಸ್ಟ್ ಟು ಪೇ’ ತಪ್ಪು, ‘ಮಸ್ಟ್ ಪೇಸ್’ ಕೂಡ ತಪ್ಪು. ‘ಹ್ಯಾವ್ ಟು’ ಗುಂಗಿನಲ್ಲಿ ಆ ‘ಟು’ ನುಸುಳುತ್ತದೆ. ‘ವಿಲ್ ಮಸ್ಟ್’ ಎಂಬುದು ಇಲ್ಲವೇ ಇಲ್ಲ. ನಾಳೆಯ ಮಾತಿಗೆ ‘ವಿಲ್ ಹ್ಯಾವ್ ಟು’ ಬಳಸಿ.

ಹೆಚ್ಚಿನವರು ಮುಗ್ಗರಿಸುವುದು ಭೂತಕಾಲದಲ್ಲಿ. ಕನ್ನಡದ ಈ ಮೂರು ರೂಪ ಬಾಯಲ್ಲಿದ್ದರೆ ಇಂಗ್ಲಿಷ್ ತಾನಾಗಿ ಸರಿಹೋಗುತ್ತದೆ. ‘ಹೋಗಬೇಕಾಯಿತು’ ಅಂದರೆ ಬೇರೆ ದಾರಿ ಇರಲಿಲ್ಲ, ಹೋದೆ: ‘ಐ ಹ್ಯಾಡ್ ಟು ಗೋ’. ‘ಹೋಗಬೇಕಿತ್ತು, ಹೋಗಲಿಲ್ಲ’ ಎಂಬ ಕೊರಗಿಗೆ ‘ಐ ಶುಡ್ ಹ್ಯಾವ್ ಗಾನ್’. ‘ಅವನು ಹೋಗಿರಬೇಕು’ ಬರೀ ಊಹೆ, ‘ಹಿ ಮಸ್ಟ್ ಹ್ಯಾವ್ ಗಾನ್’. ಬಾಗಿಲಿಗೆ ಬೀಗ, ಹೊರಗೆ ಚಪ್ಪಲಿ ಇಲ್ಲ, ಬೈಕೂ ಇಲ್ಲ ಎಂದಾಗ ಆಡುವ ಮಾತು ಅದು. ‘ನಿನ್ನೆ ನಾನು ಬ್ಯಾಂಕಿಗೆ ಹೋಗಬೇಕಾಯಿತು’ ಎನ್ನಲು ‘ಐ ಮಸ್ಟ್ ಹ್ಯಾವ್ ಗಾನ್’ ಅಂದರೆ, ಹೋಗಿದ್ದು ನಿಮಗೇ ಮರೆತಿದೆ ಎಂದು ಕೇಳುವವರು ತಿಳಿದುಕೊಳ್ಳುತ್ತಾರೆ.

ಊಹೆಯ ಮಸ್ಟ್‌ನಲ್ಲಿ ತೂಕವೂ ಮುಖ್ಯ. ನಮ್ಮ ‘ಇರಬೇಕು’ ಸಡಿಲ, ‘ಇರಬೇಕೇನೋ’ ಎನ್ನುವವರೆಗೂ ಹಿಗ್ಗುತ್ತದೆ. ಮಸ್ಟ್ ಹಾಗಲ್ಲ, ಅದಕ್ಕೆ ಕಣ್ಣೆದುರು ಪುರಾವೆ ಬೇಕು. ಅನುಮಾನವಿದ್ದರೆ ‘ಮೈಟ್’ ಹಾಕಿ. ‘ಅವನು ಮನೆಯಲ್ಲಿರಲು ಸಾಧ್ಯವೇ ಇಲ್ಲ’ ಎನ್ನಲು ಸಾಮಾನ್ಯವಾಗಿ ‘ಕಾಂಟ್ ಬಿ’ ಬಳಸುತ್ತಾರೆ.

ಇನ್ನು ನಿಷೇಧ. ‘ಯು ಮಸ್ಟ್ ನಾಟ್ ಪೇ’ ಅಂದರೆ ಕಟ್ಟಕೂಡದು; ‘ಯು ಡೋಂಟ್ ಹ್ಯಾವ್ ಟು ಪೇ’ ಅಂದರೆ ಕಟ್ಟಬೇಕಾಗಿಲ್ಲ, ಕಟ್ಟಿದರೂ ತಪ್ಪಿಲ್ಲ. ಔಷಧದ ಸೂಚನೆಯಲ್ಲಿ ಇವು ಅದಲುಬದಲಾದರೆ ಅಪಾಯ. ‘ಮಸ್ಟ್’ ಮತ್ತು ‘ನಾಟ್’ ಕೂಡಿಸಿ ಹೇಳುವಾಗ ನಡುವಿನ ‘ಟ್’ ಉಚ್ಚರಿಸುವುದಿಲ್ಲ, ‘ಮಸಂಟ್’ ಎಂಬಂತೆ ಕೇಳಿಸುತ್ತದೆ.

ಆಫೀಸಿನಲ್ಲಿ ಮೇಲಿನವರಿಗೆ ‘ಯು ಮಸ್ಟ್ ಅಪ್ರೂವ್ ಮೈ ಲೀವ್’ ಎಂದು ಮೇಲ್ ಬರೆದರೆ ಅಪ್ಪಣೆ ಕೊಟ್ಟಂತೆ. ‘ಕುಡ್ ಯು ಪ್ಲೀಸ್’ ಎಂದು ಶುರುಮಾಡಿ. ಊಟಕ್ಕೆ ಕರೆಯುವಾಗ ಮಾತ್ರ ‘ಯು ಮಸ್ಟ್ ಕಮ್’ ಒರಟಲ್ಲ, ‘ನೀವು ಬರಲೇಬೇಕು’ ಎಂಬ ಉಪಚಾರದ ಒತ್ತಾಯವೇ ಅದು.

ಕಾನೂನಿನ ಭಾಷೆಯಲ್ಲಿ ಕಡ್ಡಾಯಕ್ಕೆ ‘ಶಲ್’ ಹಳೆಯ ರೂಢಿ. ನಮ್ಮ ಸಂವಿಧಾನದ 14ನೇ ವಿಧಿಯ ಇಂಗ್ಲಿಷ್ ಪಾಠ ‘ದಿ ಸ್ಟೇಟ್ ಶಲ್ ನಾಟ್ ಡಿನೈ’ ಎಂದೇ ಶುರುವಾಗುತ್ತದೆ. ಅಪಾರ್ಟ್‌ಮೆಂಟಿನ ನೋಟಿಸಿಗೆ ಅಷ್ಟು ಗತ್ತು ಬೇಕಿಲ್ಲ, ಅಲ್ಲಿ ‘ಮಸ್ಟ್’ ಹೆಚ್ಚು ಸ್ಪಷ್ಟ.