‘ಪರವಾಗಿಲ್ಲ ಬಿಡಿ’ ಅನ್ನುವ ಮೊದಲು: ಕ್ಯಾಲಿಫೋರ್ನಿಯಾದಲ್ಲಿ ಹೊಸದಾಗಿ ಕಾರು ಓಡಿಸುವವರಿಗೆ

ಬೇ ಏರಿಯಾಗೆ ಹೊಸದಾಗಿ ಬಂದವರು ನಮ್ಮ ಮನೆಗೆ ಊಟಕ್ಕೆ ಬಂದರೆ ನಾನು ಬಾಡಿಗೆ ಎಷ್ಟು ಅಂತ ಕೇಳುವುದಿಲ್ಲ. ಕಾರಿನ ಇನ್ಶೂರೆನ್ಸಿನಲ್ಲಿ, ಗುದ್ದಿದವರ ಹತ್ತಿರ ಇನ್ಶೂರೆನ್ಸ್ ಇಲ್ಲದಿದ್ದರೆ ಅಥವಾ ಸಾಲದಿದ್ದರೆ ನಮ್ಮ ಗಾಯಕ್ಕೆ ನಮ್ಮ ಕಂಪನಿಯೇ ದುಡ್ಡು ಕೊಡುವ ‘ಅನ್‌ಇನ್ಶೂರ್ಡ್ ಮೋಟರಿಸ್ಟ್’ ಕವರ್ ಇಟ್ಟುಕೊಂಡಿದ್ದೀರಾ, ಬೇಡ ಅಂತ ಸಹಿ ಹಾಕಿದ್ದೀರಾ ಅಂತ ಕೇಳುತ್ತೇನೆ. ಒಳಗಿನಿಂದ ಹೆಂಡತಿ ‘ಶುರುವಾಯ್ತು’ ಅನ್ನುತ್ತಾಳೆ. ಅನ್ನಲಿ. ನಾನು ಬೇಡ ಅಂತ ಸಹಿ ಹಾಕಿದವನು. ತಿಂಗಳಿಗೆ ಆರೇಳು ಡಾಲರ್ ಉಳಿಸಿದ ಜಾಣ. ಆಮೇಲೆ ಹೊರಗೆ ಕಾಣದ ಹಾಗೆ ಮಿದುಳಿಗೆ ಪೆಟ್ಟು ತಿಂದವನು, ಆ ಕತೆ ಇದು.

2018ರ ಅಕ್ಟೋಬರ್, ಒಂದು ಭಾನುವಾರ. ಮಿಲ್ಪಿಟಾಸ್‌ನಲ್ಲಿ ತರಕಾರಿ ತಗೊಂಡು 880 ಹೆದ್ದಾರಿಯಲ್ಲಿ ಫ್ರೀಮಾಂಟ್ ಕಡೆ ಬರುತ್ತಿದ್ದೆ. ಮಿಷನ್ ಬೂಲೆವಾರ್ಡ್ ಹತ್ತಿರ ಟ್ರಾಫಿಕ್ ನಿಂತಿತ್ತು. ನಾನೂ ನಿಂತೆ. ಹಿಂದಿನ ಕಾರು ನಿಲ್ಲಲಿಲ್ಲ. ತಲೆ ಮುಂದಕ್ಕೆ ಹೋಗಿ, ಹಿಂದಕ್ಕೆ ಬಂದು, ಸೀಟಿಗೆ ಬಡಿಯಿತು. ರಕ್ತ ಇಲ್ಲ, ಜ್ಞಾನ ತಪ್ಪಲಿಲ್ಲ. ಹಿಂದೆ ಇಟ್ಟಿದ್ದ ಸೋರೆಕಾಯಿ ಎರಡು ಹೋಳಾಗಿತ್ತು ಅಷ್ಟೆ. ಗುದ್ದಿದವನು ಕಾಲೇಜು ಹುಡುಗ, ಗಡಗಡ ನಡುಗುತ್ತಿದ್ದ. ನಾನು ಊರಿನ ಹಿರಿಯನ ಹಾಗೆ ಅವನ ಬೆನ್ನು ತಟ್ಟಿ ‘ನೋ ಪ್ರಾಬ್ಲಂ, ಐ ಆಮ್ ಫೈನ್’ ಅಂದೆ. ಪೊಲೀಸರನ್ನು ಕರೆಯಲಿಲ್ಲ. ಇಬ್ಬರೂ ಇನ್ಶೂರೆನ್ಸ್ ಕಾರ್ಡಿನ ಫೋಟೋ ತೆಗೆದುಕೊಂಡೆವು. ಮನೆಗೆ ಬಂದು ಕಾಫಿ ಕುಡಿದು, ಒಂದು ಮಾತ್ರೆ ನುಂಗಿ ಮಲಗಿದೆ. ಸೋಮವಾರ ಆಫೀಸಿಗೂ ಹೋದೆ. ನಮ್ಮವರಲ್ಲಿ ಯಾರು ಹೋಗುವುದಿಲ್ಲ ಹೇಳಿ?

ಆಮೇಲೆ ಶುರುವಾಯಿತು. ಕಂಪ್ಯೂಟರ್ ಪರದೆ ನೋಡಿದರೆ ಕಣ್ಣಿನ ಹಿಂದೆ ಚುಚ್ಚಿದ ಹಾಗೆ. ಮೀಟಿಂಗಿನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರ ಮಾತೂ ತಿಳಿಯುತ್ತಿರಲಿಲ್ಲ. ಹಾಲು ಒಲೆ ಮೇಲಿಟ್ಟು ಮರೆತೆ, ಎರಡು ಸಲ. ಕುಕ್ಕರ್ ಕೂಗಿದರೆ ಎದ್ದು ಹೊರಗೆ ಹೋಗಬೇಕು ಅನ್ನಿಸುವಷ್ಟು ಸಿಟ್ಟು. ಡಾಕ್ಟರ ಹತ್ತಿರ ಹೋಗಿದ್ದು ಹನ್ನೊಂದನೇ ದಿನ. ಆ ಹನ್ನೊಂದು ದಿನ ನೆನಪಿಟ್ಟುಕೊಳ್ಳಿ, ಆಮೇಲೆ ಇನ್ಶೂರೆನ್ಸಿನವರು ಅದನ್ನೇ ಹಿಡಿದು ನನ್ನನ್ನು ಜಗ್ಗಾಡಿದರು.

ಸಿಟಿ ಸ್ಕ್ಯಾನ್ ನಾರ್ಮಲ್ ಬಂತು. ನಾನು ಖುಷಿಪಟ್ಟೆ, ಹೆಂಡತಿ ದೇವಸ್ಥಾನಕ್ಕೆ ಕಾಯಿ ಒಡೆಸಿದಳು. ನಮಗೆ ಗೊತ್ತಿಲ್ಲದ ವಿಷಯ ಏನು ಅಂದರೆ, ಆ ಸ್ಕ್ಯಾನ್ ಮುಖ್ಯವಾಗಿ ನೋಡುವುದು ರಕ್ತಸ್ರಾವ ಇದೆಯಾ, ಮೂಳೆ ಬಿರುಕು ಬಿಟ್ಟಿದೆಯಾ ಅಂತ. ಮಿದುಳು ಒಳಗೇ ಜೋರಾಗಿ ಅಲುಗಾಡಿ ನರದ ಎಳೆಗಳು ಜಗ್ಗಿದರೆ ಅದು ಅಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಗಟ್ಟಿ ಮೊಸರನ್ನು ಡಬ್ಬಿಗೆ ತುಂಬಿ ಸ್ಕೂಟರಿನಲ್ಲಿ ತಂದಿದ್ದೀರಲ್ಲ, ಡಬ್ಬಿಗೆ ಒಂದು ಗೀರೂ ಆಗಿರುವುದಿಲ್ಲ, ಮುಚ್ಚಳ ತೆಗೆದರೆ ಮೊಸರು ಒಡೆದು ನೀರು ಬಿಟ್ಟಿರುತ್ತದೆ. ಹಾಗೆ.

ಮಿದುಳಿನ ಪೆಟ್ಟಿಗೆ ಡಾಕ್ಟರು ಹಚ್ಚುವ ಇನ್ನೊಂದು ಮೋಸದ ಪದ ‘ಮೈಲ್ಡ್’. ಗ್ಲಾಸ್ಗೋ ಕೋಮಾ ಸ್ಕೇಲ್ ಅಂತ ಒಂದು ಲೆಕ್ಕ ಇದೆ, 3ರಿಂದ 15ರವರೆಗೆ. ಕಣ್ಣು ಬಿಡುತ್ತಾನಾ, ಮಾತಾಡುತ್ತಾನಾ, ಹೇಳಿದ ಹಾಗೆ ಕೈಕಾಲು ಆಡಿಸುತ್ತಾನಾ ಅಂತ ನೋಡಿ ಅಂಕ ಕೊಡುತ್ತಾರೆ. 13 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ‘ಮೈಲ್ಡ್’. ಅದು ಪೆಟ್ಟು ಬಿದ್ದ ಹೊತ್ತಿನ ಅಂಕ, ಮುಂದಿನ ಎರಡು ವರ್ಷದ್ದಲ್ಲ. ನನಗೆ ಹದಿನೈದಕ್ಕೆ ಹದಿನೈದು ಸಿಕ್ಕಿತ್ತು. ಎಸ್ಸೆಸ್ಸೆಲ್ಸಿ ಗಣಿತದಲ್ಲೂ ಪೂರ್ತಿ ಅಂಕ ಬಂದಿರಲಿಲ್ಲ ನನಗೆ.

ಹೆಚ್ಚಿನವರು ಕೆಲವು ವಾರಗಳಲ್ಲಿ ಸರಿಹೋಗುತ್ತಾರೆ, ಸುಮ್ನೆ ಹೆದರಿಸುತ್ತಿಲ್ಲ. ಆದರೆ ತಲೆನೋವು ಏರುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಮಾತು ತೊದಲಿದರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ, ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ 911 ಒತ್ತಿ. ಆಂಬುಲೆನ್ಸ್ ಬಿಲ್ ಎಷ್ಟಾಗುತ್ತದೋ ಅಂತ ಗಂಡ ಹೆಂಡತಿ ಕೂತು ಚರ್ಚೆ ಮಾಡಬೇಡಿ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಇನ್ನೂ ಜಾಸ್ತಿ ಎಚ್ಚರ. ವಯಸ್ಸಾದವರಲ್ಲಿ, ಅದರಲ್ಲೂ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಲ್ಲಿ, ತಲೆಬುರುಡೆಯೊಳಗೆ ರಕ್ತ ಮೆಲ್ಲಗೆ ಸೇರುತ್ತಾ ವಾರಗಳ ಮೇಲೆ ತೊಂದರೆ ಕೊಡಬಹುದು. ‘ಅಮ್ಮ ಯಾಕೋ ಮಂಕಾಗಿದ್ದಾರೆ, ಮೊಮ್ಮಕ್ಕಳನ್ನು ಬಿಟ್ಟು ಹೋಗುವ ಬೇಜಾರು ಇರಬೇಕು’ ಅಂತ ನಾವೇ ಅರ್ಥ ಹಚ್ಚಿಬಿಡುತ್ತೇವೆ.

ಇನ್ನು ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಮೂರನೇ ದಿನ ಆ ಹುಡುಗನ ಇನ್ಶೂರೆನ್ಸ್ ಕಂಪನಿಯ ಅಡ್ಜಸ್ಟರ್, ಅಂದರೆ ಪರಿಹಾರ ಎಷ್ಟು ಕೊಡಬೇಕು ಅಂತ ಲೆಕ್ಕ ಹಾಕುವವರು, ಫೋನ್ ಮಾಡಿದರು. ಜೇನಿನಂಥ ದನಿ. ಮಾತು ರೆಕಾರ್ಡ್ ಮಾಡಿಕೊಳ್ಳಬಹುದಾ ಅಂದರು. ಆಗಲಿ ಅಂದೆ, ಮನೆಗೆ ಬಂದವರಿಗೆ ಇಲ್ಲ ಅನ್ನುತ್ತೇವಾ? ಹೇಗಿದ್ದೀರಿ ಅಂದರು. ‘ಐ ಆಮ್ ಫೈನ್, ಥ್ಯಾಂಕ್ಯೂ.’ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದ ಉತ್ತರ. ಒಂದು ವರ್ಷದ ನಂತರ ಅದೇ ಸಾಲು ಅಚ್ಚಾಗಿ ನನ್ನ ಲಾಯರ್ ಮೇಜಿನ ಮೇಲೆ ಕೂತಿತ್ತು. ಎದುರು ಪಾರ್ಟಿಯ ಇನ್ಶೂರೆನ್ಸಿನವರಿಗೆ ರೆಕಾರ್ಡೆಡ್ ಹೇಳಿಕೆ ಕೊಡಲೇಬೇಕು ಅಂತ ಯಾವ ನಿಯಮವೂ ಇಲ್ಲ. ನಿಮ್ಮ ಸ್ವಂತ ಕಂಪನಿಗೆ ಮಾತ್ರ ತಿಳಿಸಿ, ಅವರಿಗೆ ಸಹಕರಿಸಬೇಕಾಗುತ್ತದೆ.

‘ಸಾರಿ’ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಅನುಕಂಪಕ್ಕೆ ಹೇಳಿದ ಸಾರಿಯನ್ನು ನಿಮ್ಮ ತಪ್ಪಿಗೆ ಸಾಕ್ಷಿಯಾಗಿ ತರುವಂತಿಲ್ಲ. ‘ತಪ್ಪು ನನ್ನದೇ’ ಅಂದರೆ ಅದನ್ನು ತರಬಹುದು. ವ್ಯತ್ಯಾಸ ಇದೆ, ಬಾಯಿಗೆ ಸ್ವಲ್ಪ ಬ್ರೇಕ್ ಇರಲಿ.

ಒಂದು ತಿಂಗಳಾದ ಮೇಲೆ ಅದೇ ಕಂಪನಿಯವರು 1,200 ಡಾಲರ್ ಚೆಕ್ ಕಳಿಸುತ್ತೇವೆ ಅಂದರು, ಜೊತೆಗೆ ಸಹಿಗೆ ಒಂದು ಹಾಳೆ. ಅದರ ಹೆಸರು ‘ರಿಲೀಸ್’. ಸಹಿ ಹಾಕಿದರೆ ಕತೆ ಮುಗಿಯಿತು. ನಾಳೆ ತಲೆಯಲ್ಲಿ ಏನು ಕಂಡರೂ ಕೇಳುವ ಹಾಗಿಲ್ಲ. ನಾನು ಪೆನ್ನು ಹುಡುಕುತ್ತಿದ್ದೆ, ನಿಜ ಹೇಳುತ್ತೇನೆ. ಕೋರ್ಟು ಕಚೇರಿ ಅಂದರೆ ನಮಗೆ ಅಷ್ಟು ಭಯ. ವೀಸಾ ಬೇರೆ. ಎಚ್-1ಬಿಯಲ್ಲಿ ಇರುವವನು ಇಲ್ಲಿಯವರ ಮೇಲೆ ಕೇಸು ಹಾಕಿದರೆ ಏನಾಗುತ್ತದೋ ಅಂತ. ಹೆಂಡತಿ ಹಾಳೆ ಕಿತ್ತುಕೊಂಡು ಓದಿದಳು, ಅವಳು ಊರಲ್ಲಿ ಬ್ಯಾಂಕಿನಲ್ಲಿದ್ದವಳು. ‘ಇದಕ್ಕೆ ಸಹಿ ಹಾಕಿದರೆ ನಾನು ಊರಿಗೆ ಹೋಗುತ್ತೇನೆ’ ಅಂದಳು. ಬಚಾವಾದೆ.

ವೀಸಾ ಭಯ ಇರುವವರಿಗೆ: ಪರಿಹಾರ ಕೇಳುವುದು ಅಪರಾಧ ಅಲ್ಲ. 2017ರಿಂದ ಕ್ಯಾಲಿಫೋರ್ನಿಯಾದಲ್ಲಿ ಗಾಯದ ಪರಿಹಾರದ ದಾವೆಗಳಲ್ಲಿ ನಿಮ್ಮ ವಲಸೆ ಸ್ಥಿತಿಯನ್ನು ಸಾಕ್ಷಿಯಾಗಿ ತರುವಂತಿಲ್ಲ, ಕೆದಕುವಂತೆಯೂ ಇಲ್ಲ.

ಕಾಗದಪತ್ರ ಬೇಗ ಹೇಳಿಬಿಡುತ್ತೇನೆ. ಗಾಯವಾದರೆ ಅಥವಾ ನಷ್ಟ 1,000 ಡಾಲರ್ ದಾಟಿದರೆ ಹತ್ತು ದಿನದೊಳಗೆ ಇಲ್ಲಿನ ಆರ್‌ಟಿಒ ಆದ ಡಿಎಂವಿಗೆ ಅಪಘಾತ ವರದಿಯ ಎಸ್‌ಆರ್-1 ಫಾರ್ಮ್. ದಾವೆ ಹೂಡಲು ಸಾಮಾನ್ಯವಾಗಿ ಎರಡು ವರ್ಷ. ಗುದ್ದಿದ್ದು ಸರ್ಕಾರಿ ಬಸ್ಸೋ ಸಿಟಿ ಲಾರಿಯೋ ಆದರೆ ಮೊದಲು ಆರು ತಿಂಗಳೊಳಗೆ ಅವರಿಗೆ ಕ್ಲೇಮ್ ಕೊಡಬೇಕು. ಇನ್ಶೂರೆನ್ಸ್ ಇಲ್ಲದ ಸ್ವಂತ ಗಾಡಿ ಓಡಿಸುತ್ತಿದ್ದರೆ ತಪ್ಪು ಎದುರಿನವರದೇ ಆದರೂ ನೋವು ಸಂಕಟಕ್ಕೆ ದುಡ್ಡಿಲ್ಲ, 1996ರಲ್ಲಿ ಜನ ವೋಟು ಹಾಕಿ ಮಾಡಿದ ಕಾನೂನು. ಸಂಬಳದ ಚೀಟಿಯಲ್ಲಿ ಎಸ್‌ಡಿಐ ಅಂತ ಕತ್ತರಿಸುತ್ತಾರಲ್ಲ, ಕಾಯಿಲೆ, ಗಾಯದಿಂದ ಕೆಲಸ ಮಾಡಲಾಗದವರಿಗೆ ಇರುವ ರಾಜ್ಯದ ವಿಮೆ ಅದು, ಇಂಥದಕ್ಕೇ. ಕೆಲಸಕ್ಕೆ ಹೋಗಲಾಗದಿದ್ದರೆ 49 ದಿನದೊಳಗೆ ಅರ್ಜಿ ಹಾಕಿ. ನಾನು ಆರು ವಾರ ಸಂಬಳವಿಲ್ಲದ ರಜೆ ಹಾಕಿ, ಇದನ್ನು ಫೆಬ್ರವರಿಯಲ್ಲಿ ತಿಳಿದುಕೊಂಡೆ.

ಲಾಯರ್ ಗೆದ್ದರೆ ಮಾತ್ರ ಫೀಸು, ಹೆಚ್ಚಾಗಿ ಬಂದದ್ದರಲ್ಲಿ ಮೂರನೇ ಒಂದು ಭಾಗ, ದಾವೆ ಹೂಡಿದರೆ ಇನ್ನೂ ಜಾಸ್ತಿ. ಒಪ್ಪಂದ ಬರಹದಲ್ಲೇ ಇರಬೇಕು. ಸೋತರೆ ಖರ್ಚು ಯಾರದು ಅಂತ ಮೊದಲೇ ಕೇಳಿ. ಟೋ ಟ್ರಕ್ಕಿನವನು ಲಾಯರ್ ಕಾರ್ಡ್ ಕೈಗಿತ್ತರೆ ಎಸೆಯಿರಿ, ಹಾಗೆ ಗಿರಾಕಿ ಹಿಡಿಸುವುದು ಇಲ್ಲಿ ಕಾನೂನಿಗೆ ವಿರುದ್ಧ.

ನಮ್ಮ ತಲೆಯಲ್ಲಿ ಇನ್ನೊಂದು ಊರಿನ ಲೆಕ್ಕ ಇರುತ್ತದೆ. ಭಾರತದಲ್ಲಿ ಅಪಘಾತವಾದರೆ ಟ್ರಿಬ್ಯೂನಲ್ ಎಷ್ಟು ಹೇಳುತ್ತದೋ ಅಷ್ಟನ್ನು ಗುದ್ದಿದವರ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕೊಡಬೇಕು, ತಡವಾದರೂ. ಇಲ್ಲಿ ಪಾಲಿಸಿಯ ಮಿತಿಯೇ ಗೋಡೆ. ಆಗ ಕ್ಯಾಲಿಫೋರ್ನಿಯಾದಲ್ಲಿ ಕಡ್ಡಾಯ ಮಿತಿ ಒಬ್ಬರ ಗಾಯಕ್ಕೆ 15,000 ಡಾಲರ್. 1967ರಿಂದ ಹಾಗೇ ಇತ್ತು. 2025ರ ಜನವರಿ 1ರಿಂದ 30,000 ಆಗಿದೆ, ಅದೂ ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿದರೆ ಸಾಲದು. ಆ ಹುಡುಗನ ಹತ್ತಿರ ಇದ್ದದ್ದು ಕಡ್ಡಾಯದಷ್ಟೇ ಪಾಲಿಸಿ, ಹೆಸರಲ್ಲಿದ್ದ ಆಸ್ತಿ ಕಾಲೇಜು ಸಾಲ. ಇಂಥ ಹೊತ್ತಿಗೇ ಸ್ವಂತ ಪಾಲಿಸಿಯ ಅನ್‌ಇನ್ಶೂರ್ಡ್, ಅಂಡರ್‌ಇನ್ಶೂರ್ಡ್ ಕವರ್ ಬೇಕಾಗುವುದು. ನಿಮ್ಮ ಮಿತಿಯಿಂದ ಅವರು ಕೊಟ್ಟಿದ್ದನ್ನು ಕಳೆದು ಉಳಿದಷ್ಟರವರೆಗೆ ನಿಮ್ಮ ಕಂಪನಿ ಕೊಡುತ್ತದೆ. ಹಾಗಾಗಿ ಈ ಮಿತಿಯನ್ನು ದೊಡ್ಡದಾಗಿಯೇ ಇಡಿ. ನನ್ನದು ಸೊನ್ನೆ.

ಹತ್ತೊಂಬತ್ತು ತಿಂಗಳಾದ ಮೇಲೆ 15,000 ಪೂರ್ತಿ ಕೊಟ್ಟರು. ಲಾಯರಿಗೆ 5,000. ದಾಖಲೆ, ಅನುವಾದ ಅಂತ 600. ಹೆಲ್ತ್ ಇನ್ಶೂರೆನ್ಸಿನವರು ನಾವು ಕೊಟ್ಟ ದುಡ್ಡು ವಾಪಸ್ ಕೊಡಿ ಅಂದರು, ಇದಕ್ಕೆ ‘ಲೀನ್’ ಅನ್ನುತ್ತಾರೆ. ಚೌಕಾಸಿ ಮಾಡಿ 3,400ಕ್ಕೆ ಇಳಿಸಿದೆವು. ಹೌದು, ಇದರಲ್ಲಿ ಚೌಕಾಸಿ ಮಾಡಬಹುದು, ಗಾಂಧಿಬಜಾರಿನಲ್ಲಿ ಮಾಡಿದ ಹಾಗೇ. ಕೈಗೆ ಬಂದದ್ದು 6,000.

ಅಷ್ಟಾದರೂ ಬಂದದ್ದು ಎರಡು ಕಾರಣಕ್ಕೆ. ಒಂದು, ಹೆಂಡತಿ ದೇವಸ್ಥಾನದ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ಮಧ್ಯೆ ಕನ್ನಡದಲ್ಲಿ ಬರೆದಿಟ್ಟಿದ್ದಳು. ‘ಇವತ್ತು ಮನೆ ದಾರಿ ತಪ್ಪಿತು ಇವರಿಗೆ.’ ‘ರಾತ್ರಿಯಿಡೀ ನಿದ್ದೆ ಇಲ್ಲ.’ ‘ಪುಟ್ಟಿ ಮೇಲೆ ಕೂಗಾಡಿದರು, ಅತ್ತಳು.’ ಅದನ್ನು ಅನುವಾದ ಮಾಡಿಸಿ ಲಗತ್ತಿಸಿದೆವು. ನೀವೂ ಮೊದಲ ದಿನದಿಂದ ಬರೆಯಿರಿ. ಪೆಟ್ಟು ತಿಂದವನಿಗೆ ಏನು ಮರೆತೆ ಅನ್ನುವುದೇ ನೆನಪಿರುವುದಿಲ್ಲ, ಮನೆಯವರೇ ಬರೆಯಬೇಕು.

ಎರಡನೆಯದು ನೆನಪು, ಗಮನ ಅಳೆಯುವ ನ್ಯೂರೋಸೈಕಾಲಜಿ ಪರೀಕ್ಷೆ. ಇಡೀ ದಿನ ಕೂರಿಸುತ್ತಾರೆ. ಅಂಕಿ ಹಿಂದುಮುಂದಾಗಿ ಹೇಳು, ಚಿತ್ರ ನೆನಪಿನಿಂದ ಬರೆ. ಒಂದು ನಿಮಿಷದಲ್ಲಿ ಎಫ್ ಅಕ್ಷರದ ಪದ ಎಷ್ಟು ಬರುತ್ತವೆ ಹೇಳು ಅಂದರು. ನಾನು ‘ಫಿಶ್, ಫ್ಯಾನ್’ ಅಂದು ನಿಂತುಬಿಟ್ಟೆ. ಹದಿಮೂರು ವರ್ಷ ಈ ಭಾಷೆಯಲ್ಲಿ ಅನ್ನ ದುಡಿದವನು. ಪರೀಕ್ಷಕರು ಒಳ್ಳೆಯವರು, ಮನೆಮಾತು ಯಾವುದು ಅಂತ ಕೇಳಿ ಬರೆದುಕೊಂಡರು. ಅವರು ಕೇಳದಿದ್ದರೆ ನೀವೇ ಹೇಳಿ. ಇಂಗ್ಲಿಷ್ ಮನೆಮಾತಿನವರ ಅಳತೆಗೋಲು ನಮಗೆ ಸರಿ ಕೂರುವುದಿಲ್ಲ. ಪೆಟ್ಟಿನಿಂದ ಆದದ್ದು ಯಾವುದು, ಮೊದಲೇ ಇದ್ದದ್ದು ಯಾವುದು ಅಂತ ಕಲಸಿಹೋಗುತ್ತದೆ.

ಫೋಟೋ ವಿಷಯ ಹೇಳಲೇಬೇಕು. ಆ ನವೆಂಬರಿನ ರಾಜ್ಯೋತ್ಸವಕ್ಕೆ ಎಲ್ಲರೂ ಒತ್ತಾಯ ಮಾಡಿದರು ಅಂತ ಹೋದೆ. ಪೇಟ ಕಟ್ಟಿ ವೇದಿಕೆ ಮೇಲೆ ನಗುತ್ತಾ ನಿಂತ ಫೋಟೋ ಯಾರೋ ಫೇಸ್‌ಬುಕ್ಕಿಗೆ ಹಾಕಿದರು. ಆ ಫೋಟೋ ತೆಗೆದ ಅರ್ಧ ಗಂಟೆಗೆ ನಾನು ಪಾರ್ಕಿಂಗ್ ಲಾಟಿನಲ್ಲಿ ವಾಂತಿ ಮಾಡುತ್ತಿದ್ದೆ, ಅದರ ಫೋಟೋ ಯಾರೂ ತೆಗೆಯಲಿಲ್ಲ. ಅಡ್ಜಸ್ಟರಿಗೆ ಸಿಕ್ಕಿದ್ದು ಪೇಟದ್ದು. ನಮ್ಮವರು ಕೂಡ ಹಾಗೇ, ‘ಚೆನ್ನಾಗೇ ಇದ್ದೀರಲ್ಲ ಸಾರ್, ಕಂಪನ್ಸೇಷನ್‌ಗೆ ಅಂತ ಹಚ್ಚಿಕೊಂಡಿದ್ದೀರಾ’ ಅಂತ ಒಬ್ಬರು ನಗುತ್ತಲೇ ಕೇಳಿದರು. ಕೈ ಮುರಿದಿದ್ದರೆ ಪ್ಲಾಸ್ಟರ್ ಮೇಲೆ ಎಲ್ಲರೂ ಸಹಿ ಹಾಕುತ್ತಿದ್ದರು, ಅಲ್ವಾ?

ಊರಿಗೂ ಹೇಳಲಿಲ್ಲ. ಮಿದುಳು ಅಂದರೆ ಅಮ್ಮನಿಗೆ ಮೊದಲು ನೆನಪಾಗುವುದು ನಿಮ್ಹಾನ್ಸ್. ಅಲ್ಲಿ ತಲೆಗೆ ಪೆಟ್ಟಾದವರನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಅಂತ ಗೊತ್ತಿದ್ದರೂ, ನೆಂಟರ ಬಾಯಲ್ಲಿ ಆ ಹೆಸರಿಗೆ ಇನ್ನೊಂದೇ ಅರ್ಥ. ‘ಕೆಲಸ ಜಾಸ್ತಿ ಅಮ್ಮ’ ಅಂದುಕೊಂಡೇ ಒಂದೂವರೆ ವರ್ಷ ಕಳೆದೆ. ವಿಡಿಯೋ ಕಾಲ್ ಬಂದರೆ ದೀಪ ಆರಿಸಿ ಕೂರುತ್ತಿದ್ದೆ. ಕಣ್ಣು ಕುಕ್ಕುತ್ತದೆ ಅಂತ ಹೇಳುವ ಬದಲು ಕರೆಂಟ್ ಉಳಿಸುತ್ತಿದ್ದೇನೆ ಅಂದೆ. ಅಪ್ಪ ಮೆಚ್ಚಿಕೊಂಡರು.

ಪರಿಹಾರ ಕೇಳಿ ಲಾಯರ್ ಇನ್ಶೂರೆನ್ಸಿನವರಿಗೆ ಬರೆಯುವ ಡಿಮ್ಯಾಂಡ್ ಲೆಟರಿನಲ್ಲಿ ಆಸ್ಪತ್ರೆ ಖರ್ಚಿಗೆ ಜಾಗ ಇದೆ, ಸಂಬಳಕ್ಕೆ ಇದೆ, ನೋವಿಗೂ ಇದೆ. ಮಗಳ ಕನ್ನಡಕ್ಕೆ ಇಲ್ಲ. ಆಗ ಅವಳಿಗೆ ಐದು. ದಿನಾ ರಾತ್ರಿ ನರಿ ಕಾಗೆ ಕತೆ ಹೇಳುತ್ತಿದ್ದೆ. ಪೆಟ್ಟಾದ ಮೇಲೆ ಅವಳ ದನಿಯೇ ನನಗೆ ತಡೆಯಲಾಗುತ್ತಿರಲಿಲ್ಲ. ಹೆಂಡತಿ ಪಾಪ ಅವಳ ಕಿವಿಗೆ ಹೆಡ್‌ಫೋನ್ ಹಾಕಿ ಟ್ಯಾಬ್ಲೆಟ್ ಮುಂದೆ ಕೂರಿಸಿದಳು. ನಾನು ಬಾಯಿ ಬಿಟ್ಟರೆ ಗದರುವುದಕ್ಕೆ, ಗದರುವುದು ಮಾತ್ರ ಕನ್ನಡದಲ್ಲಿ. ಕೆಲವು ತಿಂಗಳಲ್ಲಿ ಮಗು ಪೂರ್ತಿ ಇಂಗ್ಲಿಷಿಗೆ ಹೊರಳಿತು. ಕನ್ನಡ ಕಲಿ ತರಗತಿಗೆ ಸೇರಿಸಲು ಹೋದಾಗ ಟೀಚರ್ ಹತ್ತಿರ ‘ದಟ್ಸ್ ದಿ ಆಂಗ್ರಿ ಲ್ಯಾಂಗ್ವೇಜ್’ ಅಂದಳಂತೆ. ಟೀಚರ್ ನಗುತ್ತಾ ಹೇಳಿದರು. ನಾನು ಕಾರಿನಲ್ಲಿ ಬಂದು ಕೂತೆ, ತುಂಬಾ ಹೊತ್ತು ಸ್ಟಾರ್ಟ್ ಮಾಡಲಿಲ್ಲ.

ಈಗ ನಮ್ಮಲ್ಲಿ ಒಂದು ಆಟ ಇದೆ. ಊಟ ಆದ ಮೇಲೆ ಒಂದು ಕನ್ನಡ ಅಕ್ಷರ, ಒಂದು ನಿಮಿಷ, ಎಷ್ಟು ಪದ ಬರುತ್ತವೋ ಅಷ್ಟು. ಆ ಪರೀಕ್ಷೆಯಿಂದಲೇ ಕದ್ದದ್ದು. ಮೊನ್ನೆ ‘ಕ’ ಬಂತು. ನಾನು ಹದಿನಾಲ್ಕು ಹೇಳಿದೆ. ಅವಳು ಕಾಗೆ, ಕಣ್ಣು, ಕಡಲೆ, ಕೊತ್ತಂಬರಿ ಅಂತ ಹದಿಮೂರಕ್ಕೆ ಬಂದು ನಿಂತಳು, ಇನ್ನು ನಾಲ್ಕು ಸೆಕೆಂಡ್ ಇದ್ದಾಗ ‘ಕಾರು!’ ಅಂದಳು. ಅದು ಕನ್ನಡ ಅಲ್ಲ ಅಂತ ಹೆಂಡತಿ ತಕರಾರು ತೆಗೆದಳು. ನಾನು ಲೆಕ್ಕಕ್ಕೆ ಸೇರಿಸಿಕೊಂಡೆ.