ಜೀಪು ಕೊಳ್ಳಲು ಘಟ್ಟ ಇಳಿಯುವ ಮುನ್ನ: ನಗದು ಒಯ್ಯುವುದು ಹೇಗೆ?

ಅಡಿಕೆ ಮಾರಿ ಸೊಸೈಟಿಯಲ್ಲಿ ದುಡ್ಡು ಜಮಾ ಆಯಿತೆಂದರೆ ಶಿರಸಿ ಸುತ್ತಮುತ್ತ ಯಾವುದಾದರೊಂದು ಮನೆಯಲ್ಲಿ ಹಳೆ ಗಾಡಿಯ ಮಾತು ಏಳುತ್ತದೆ. ತೋಟಕ್ಕೊಂದು ಜೀಪು ಬೇಕು. ಜೀಪು ಇರುವುದು ಘಟ್ಟದ ಕೆಳಗೆ, ಅಂಕೋಲೆಯಲ್ಲೋ ಕಾರವಾರದಲ್ಲೋ. ಮಾರುವವರು ಫೋನಿನಲ್ಲಿ ಹೇಳುವುದು ಒಂದೇ ಮಾತು: ‘ಕ್ಯಾಶ್ ತಂದ್ರೆ ಐದು ಸಾವಿರ ಬಿಡ್ತೇನೆ.’ ಕಾರವಾರದ ಬೈತಖೋಲದಲ್ಲಿ ಹಳೆ ದೋಣಿ, ಇಂಜಿನ್ ಕೊಳ್ಳಲು ಹೋಗುವವರದೂ ಇದೇ ಕಥೆ.

ನಾನೂ ಹೀಗೇ ಒಂದು ಮೇ ತಿಂಗಳಲ್ಲಿ ಅಂಕೋಲೆಯಿಂದ ಜೀಪು ತಂದೆ. ಬೆಲೆ 3,40,000 ರೂಪಾಯಿಗೆ ನಿಂತಿತು. ಆ ವ್ಯವಹಾರದಲ್ಲಿ ಕಲಿತದ್ದು, ಅದಕ್ಕೂ ಮೊದಲು ಎಡವಿದ್ದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಚೀಲ ಹುಡುಕುವ ಮೊದಲು ಲೆಕ್ಕ ಮಾಡಿ

ಎಷ್ಟು ನಗದು ಒಯ್ಯಬೇಕು ಎನ್ನುವುದನ್ನು ಕೊಳ್ಳುವವರು, ಮಾರುವವರು ಇಬ್ಬರೇ ಕೂತು ತೀರ್ಮಾನಿಸುವಂತಿಲ್ಲ. ಆದಾಯ ತೆರಿಗೆ ಕಾನೂನು ನಡುವೆ ಇದೆ. 2017ರ ಏಪ್ರಿಲ್ 1ರಿಂದ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಹಣವನ್ನು ನಗದಾಗಿ ಪಡೆಯುವ ಹಾಗಿಲ್ಲ. ಸರಿಯಾಗಿ 2 ಲಕ್ಷ ಕೊಟ್ಟರೂ ತಪ್ಪೇ. ‘ಇವತ್ತು ಒಂದೂವರೆ, ನಾಳೆ ಒಂದೂವರೆ ಕೊಡ್ತೇನೆ’ ಎನ್ನುವ ಜಾಣತನವೂ ನಡೆಯುವುದಿಲ್ಲ. ಒಂದು ದಿನದಲ್ಲಿ ಎಷ್ಟು ಎಂದು ನೋಡುವ ಹಾಗೆಯೇ ಒಂದು ವ್ಯವಹಾರಕ್ಕೆ ಒಟ್ಟು ಎಷ್ಟು ಎಂದೂ ನೋಡುತ್ತಾರೆ. ಸಿಕ್ಕಿಬಿದ್ದರೆ ಪಡೆದಷ್ಟೇ ಮೊತ್ತ ದಂಡ. ದಂಡ ಬೀಳುವುದು ದುಡ್ಡು ಪಡೆದವರಿಗೆ. ನೀವೇ ಗಾಡಿ ಮಾರುವವರಾದರೆ ಈ ಸಾಲನ್ನು ಇನ್ನೊಮ್ಮೆ ಓದಿ.

ಜಾಗ ಕೊಳ್ಳುವುದಾದರೆ ಲೆಕ್ಕ ಇನ್ನೂ ಬಿಗಿ. ಅಲ್ಲಿ ಮುಂಗಡವೇ 20,000 ಮುಟ್ಟಿದರೆ ನಗದು ಕೂಡದು.

ಹಾಗಾಗಿ ನಾನು 2 ಲಕ್ಷವನ್ನು ಆರ್‌ಟಿಜಿಎಸ್ ಮಾಡಿದೆ, ಅಂದರೆ ಖಾತೆಯಿಂದ ಖಾತೆಗೆ ನೇರ ಕಳಿಸಿದೆ. ಆರ್‌ಟಿಜಿಎಸ್‌ಗೆ ಕನಿಷ್ಠ ಮೊತ್ತವೂ ಅದೇ 2 ಲಕ್ಷ. 2020ರ ಡಿಸೆಂಬರ್‌ನಿಂದ ಅದು ಹಗಲು ರಾತ್ರಿ, ಭಾನುವಾರ ಎನ್ನದೆ ನಡೆಯುತ್ತದೆ. ಆದರೆ ಮೊಬೈಲಿನಲ್ಲಿ ಹೊಸ ಖಾತೆ ಸೇರಿಸಿದ ಕೂಡಲೇ ದೊಡ್ಡ ಮೊತ್ತ ಕಳಿಸಲು ಎಷ್ಟೋ ಬ್ಯಾಂಕುಗಳು ಬಿಡುವುದಿಲ್ಲ. ಎರಡು ದಿನ ಮೊದಲೇ ಖಾತೆ ಸೇರಿಸಿ, 100 ರೂಪಾಯಿ ಕಳಿಸಿ, ‘ಬಂತಾ?’ ಎಂದು ಫೋನ್ ಮಾಡಿ ಕೇಳಿಕೊಂಡಿದ್ದೆ. ಉಳಿದ 1,40,000 ನಗದು. ನನ್ನನ್ನು ಕೇಳಿದರೆ ಅದೂ ಬ್ಯಾಂಕಿನಲ್ಲೇ ಹೋಗಬೇಕಿತ್ತು. ಆದರೆ ಮಾರುವವರಿಗೆ ಮಳೆಗಾಲಕ್ಕೆ ಮೊದಲು ಮನೆಯ ಮಾಡು (ಛಾವಣಿ) ಹೊದೆಸುವವರಿಗೆ ಕೈಯಲ್ಲಿ ಕೊಡಬೇಕಿತ್ತಂತೆ. ಒಪ್ಪಿಕೊಂಡೆ.

ದುಡ್ಡನ್ನು ಎಲ್ಲಿ ತೆಗೆಯಬೇಕು?

ಇಲ್ಲೇ ಹೆಚ್ಚಿನವರು ತಪ್ಪುವುದು. ಶಿರಸಿಯಲ್ಲಿ ದುಡ್ಡು ತೆಗೆದು, ಎದೆಗವುಚಿಕೊಂಡು, ದೇವಿಮನೆ ಘಟ್ಟ ಇಳಿದು, ಕುಮಟಾ ದಾಟಿ ಅಂಕೋಲೆ ಮುಟ್ಟುವುದು ಯಾಕೆ? ನಿಮ್ಮ ಬ್ಯಾಂಕಿನ ಶಾಖೆ ಅಂಕೋಲೆಯಲ್ಲೂ ಇದ್ದರೆ ಅಲ್ಲೇ ತೆಗೆಯಿರಿ. ದುಡ್ಡು ಘಟ್ಟ ಇಳಿಯುವ ಕೆಲಸವೇ ಇಲ್ಲ. ಬೇರೆ ಶಾಖೆಯಲ್ಲಿ ನಗದು ಕೊಡುವುದಕ್ಕೆ ಬ್ಯಾಂಕಿನದೊಂದು ಮಿತಿ ಇರುತ್ತದೆ. ಅದನ್ನು ನಿಮ್ಮ ಶಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ. ದುಡ್ಡು ಸೊಸೈಟಿ ಖಾತೆಯಲ್ಲೇ ಇದ್ದರೆ ನಾಲ್ಕು ದಿನ ಮುಂಚೆ ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಿ.

ಸಣ್ಣ ಶಾಖೆಯಲ್ಲಿ ಕೇಳಿದಷ್ಟು 500ರ ನೋಟು ಆ ಹೊತ್ತಿಗೆ ಇರುತ್ತದೆ ಎನ್ನುವಂತಿಲ್ಲ. ಹಿಂದಿನ ದಿನ ಒಂದು ಫೋನ್ ಮಾಡಿದರೆ ಎತ್ತಿಡುತ್ತಾರೆ. ಎರಡನೇ, ನಾಲ್ಕನೇ ಶನಿವಾರ ರಜೆ ಎನ್ನುವುದನ್ನು ಮರೆತು ಘಟ್ಟ ಇಳಿದವರನ್ನು ನಾನು ನೋಡಿದ್ದೇನೆ. ಇನ್ನೊಂದು, ‘ಸೆಲ್ಫ್’ ಚೆಕ್ಕಿಗೆ ಮನೆಯಲ್ಲೇ ಸಹಿ ಹಾಕಿಕೊಂಡು ಹೊರಡಬೇಡಿ. ಸಹಿ ಇರುವ ಸೆಲ್ಫ್ ಚೆಕ್ಕೆಂದರೆ ದುಡ್ಡೇ ಅಲ್ವಾ?

1,40,000 ಎಂದರೆ 500ರ 280 ನೋಟು. ನೂರು ನೋಟಿನ ಎರಡು ಕಟ್ಟು, ಮೇಲೆ 80. ಅದನ್ನೇ 100ರ ನೋಟಿನಲ್ಲಿ ಕೊಟ್ಟರೆ ಹದಿನಾಲ್ಕು ಕಟ್ಟು! ಹಾಗಾಗಿ 500ರದ್ದೇ ಬೇಕು ಎಂದು ಕೇಳಿ.

ಕಟ್ಟಿನ ಮೇಲೆ ಬ್ಯಾಂಕಿನ ಪಟ್ಟಿ ಇದೆ, ಎಣಿಸಬೇಕಾಗಿಲ್ಲ ಎಂದುಕೊಳ್ಳಬೇಡಿ. ಹಿಂದೊಮ್ಮೆ ಹಳೆ ಬೈಕ್ ಕೊಳ್ಳುವಾಗ ನನಗೆ ಬಂದ ಕಟ್ಟಿನಲ್ಲಿ 99 ನೋಟಿತ್ತು. ಗೊತ್ತಾದದ್ದು ಬೈಕಿನವರ ಜಗಲಿಯಲ್ಲಿ, ಅವರ ಮನೆಮಂದಿಯ ಎದುರು. ವಾಪಸ್ ಹೋಗಿ ಕೇಳಿದರೆ ಕೌಂಟರಿನವರು ಗೋಡೆಯ ಮೇಲಿನ ಬೋರ್ಡು ತೋರಿಸಿದರು. ಕೌಂಟರ್ ಬಿಟ್ಟ ಮೇಲೆ ತಕರಾರು ಇಲ್ಲ. ಅವರು ಹೇಳಿದ್ದೂ ಸರಿಯೇ. ಈಗ ಅಲ್ಲೇ ನಿಂತು ಯಂತ್ರಕ್ಕೆ ಹಾಕಿಸಿ, ಅಂಕಿ ನೋಡಿಕೊಂಡೇ ಹೊರಡುತ್ತೇನೆ.

ಒಯ್ಯಲೇಬೇಕಾದರೆ

ಮೊದಲು ಬಾಯಿ. ಊರಲ್ಲಿ ಜೀಪಿನ ಸುದ್ದಿ ನಮಗಿಂತ ಮೊದಲೇ ಘಟ್ಟ ಇಳಿದಿರುತ್ತದೆ. ಗಾಡಿ ಕೊಳ್ಳುವುದನ್ನು ಹೇಳಿಕೊಳ್ಳಿ, ಪರವಾಗಿಲ್ಲ. ಯಾವ ದಿನ, ಯಾವ ಬಸ್ಸು, ಎಷ್ಟು ನಗದು ಎನ್ನುವುದು ಮನೆಯಲ್ಲಿ ಒಬ್ಬರಿಗೆ, ಜೊತೆಗೆ ಬರುವವರಿಗೆ ಗೊತ್ತಿದ್ದರೆ ಸಾಕು. ಬಸ್ಸಿನಲ್ಲಿ ಕೂತು ‘ಹಾಂ, ಒಂದು ನಲವತ್ತು ತಂದಿದ್ದೇನೆ’ ಎಂದು ಫೋನಿನಲ್ಲಿ ಕೂಗುವುದಕ್ಕಿಂತ ದೊಡ್ಡ ತೂತು ಯಾವ ಚೀಲದಲ್ಲೂ ಇಲ್ಲ.

ಆಮೇಲೆ ಚೀಲ. ಬೈಕ್ ಕೊಳ್ಳಲು ಹೋದಾಗ ಹೊಸ ಚರ್ಮದ ಬ್ಯಾಗು ಒಯ್ದಿದ್ದೆ. ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಅವುಚಿಕೊಂಡಿದ್ದೆ. ಪಕ್ಕದ ಸೀಟಿನ ಅಜ್ಜಿ ಸ್ವಲ್ಪ ಹೊತ್ತು ನೋಡಿ ಕೇಳಿದರು: ‘ತಮಾ, ಬ್ಯಾಂಕಿಗೆ ಹೊಂಟ್ಯ?’ ಅಜ್ಜಿಗೆ ಗೊತ್ತಾದದ್ದು ಕಳ್ಳನಿಗೆ ಗೊತ್ತಾಗದೇ ಇರುತ್ತದೆಯೇ? ಜೀಪಿನ ಸಲ ಹಿಡಿದದ್ದು ರೇಷನ್ ತರುವ ಹಳೆ ಬಟ್ಟೆ ಚೀಲ. ಅದರಲ್ಲಿ ಟವೆಲ್ಲು, ನೀರಿನ ಬಾಟಲಿ, ಛತ್ರಿ ಇಟ್ಟಿದ್ದೆ. ದುಡ್ಡು ಅದರಲ್ಲಿ ಇರಲಿಲ್ಲ. ಒಂದು ಕಟ್ಟು ನನ್ನ ಅಂಗಿಯ ಒಳಜೇಬಿನಲ್ಲಿ, ಇನ್ನೊಂದು ಜೊತೆಗೆ ಬಂದ ಗೆಳೆಯನ ಒಳಜೇಬಿನಲ್ಲಿ, ಬಿಡಿ 80 ನೋಟು ನನ್ನ ಸೊಂಟದ ಪಟ್ಟಿಯಲ್ಲಿ. ಚಹಾ, ಟಿಕೆಟ್ಟಿಗೆ ಬೇರೆ ಕಿಸೆಯಲ್ಲಿ ಇನ್ನೂರು ರೂಪಾಯಿ. ಚಿಲ್ಲರೆಗಾಗಿ ಕಟ್ಟಿಗೆ ಕೈ ಹಾಕುವ ಪ್ರಸಂಗ ಬರಬಾರದು. ಮಳೆಗಾಲವಾದರೆ ಪ್ರತಿ ಕಟ್ಟನ್ನೂ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ.

ಬ್ಯಾಂಕಿನ ಹೊರಗೆ ನಡೆಯುವ ಮೋಸಗಳು ಹಳೆಯವೇ. ಆದರೂ ಜನ ಬೀಳುತ್ತಾರೆ. ‘ನಿಮ್ಮ ದುಡ್ಡು ಬಿತ್ತು ನೋಡಿ’ ಎಂದು ನೆಲದ ಮೇಲಿನ ಹತ್ತರ ನೋಟು ತೋರಿಸುತ್ತಾರೆ. ಅಂಗಿಯ ಮೇಲೆ ಗಲೀಜು ಎರಚಿ ತೊಳೆಯಲು ತಾವೇ ನೀರು ಕೊಡುತ್ತಾರೆ. ‘ಚಕ್ರ ಪಂಕ್ಚರ್ ಆಗಿದೆ’ ಎನ್ನುತ್ತಾರೆ. ಬಗ್ಗಬೇಡಿ, ನಿಲ್ಲಬೇಡಿ. ಅಂಗಿ ಗಲೀಜಾದರೆ ಆಗಲಿ, ಮರಳಿ ಬ್ಯಾಂಕಿನ ಒಳಗೇ ನಡೆಯಿರಿ. ಸ್ಕೂಟರ್ ಡಿಕ್ಕಿಯಲ್ಲಿ ದುಡ್ಡಿಟ್ಟು ಚಹಾಕ್ಕೆ ಹೋಗುವುದಂತೂ ಬೇಡವೇ ಬೇಡ. ಆ ಬೀಗ ಮುರಿಯಲು ಒಂದು ಚಹಾ ಕುಡಿಯುವಷ್ಟು ಹೊತ್ತೂ ಬೇಡ.

ಘಟ್ಟದಲ್ಲಿ ಮೊಬೈಲ್ ಸಿಗ್ನಲ್ ಬರುವುದಕ್ಕಿಂತ ಹೋಗುವುದೇ ಜಾಸ್ತಿ. ಬೆಳಿಗ್ಗೆ ಹೊರಟು ಬೆಳಕಿರುವಾಗಲೇ ಮುಗಿಸಿ. ಇಳಿಯುವ ಮುನ್ನ ಒಮ್ಮೆ, ಕುಮಟಾ ಮುಟ್ಟಿದಾಗ ಒಮ್ಮೆ ಮನೆಗೆ ಫೋನ್ ಮಾಡಿ. ಏನಾದರೂ ಎಡವಟ್ಟಾದರೆ 112. ಚಾಕು ತೋರಿಸಿದರೆ ಮಾತ್ರ ಹೋರಾಟ ಬೇಡ, ಕೊಟ್ಟುಬಿಡಿ.

ಕಾಗದಪತ್ರದ ವಿಷಯ. ಸ್ವಂತ ದುಡ್ಡು ಇಷ್ಟೇ ಒಯ್ಯಬೇಕು ಎಂಬ ಮಿತಿ ಸಾಮಾನ್ಯ ದಿನಗಳಲ್ಲಿ ಇಲ್ಲ. ಆದರೆ ಎಲ್ಲಿಂದ ಬಂತು ಎಂದು ಕೇಳಿದರೆ ತೋರಿಸಲು ಪಾಸ್‌ಬುಕ್ ನಮೂದು, ಅಡಿಕೆ ಮಾರಿದ ಪಟ್ಟಿ, ಗಾಡಿಯ ಆರ್‌ಸಿ ಪ್ರತಿ ಜೊತೆಗಿರಲಿ. ಚುನಾವಣೆ ನೀತಿಸಂಹಿತೆಯ ಕಾಲದಲ್ಲಿ ಚೆಕ್‌ಪೋಸ್ಟುಗಳಲ್ಲಿ, ಅದರಲ್ಲೂ ಗೋವಾ ಗಡಿಯ ಮಾಜಾಳಿಯಂಥ ಕಡೆ, 50,000ಕ್ಕಿಂತ ಹೆಚ್ಚು ನಗದಿಗೆ ದಾಖಲೆ ಕೇಳುತ್ತಾರೆ. ಇಲ್ಲದಿದ್ದರೆ ಹಿಡಿದಿಡುತ್ತಾರೆ. ಬಿಡಿಸಿಕೊಳ್ಳಲು ಜಿಲ್ಲಾ ಸಮಿತಿಯ ಮುಂದೆ ಹೋಗಬೇಕು. ಆ ದಿನಗಳಲ್ಲಿ ನಗದಿನ ವ್ಯವಹಾರವನ್ನೇ ಮುಂದೂಡುವುದು ಒಳ್ಳೆಯದು.

ಕೈ ಬದಲಾಗುವಾಗ

ನಾನು ಮಾರುವವರ ಮನೆಗೆ ದುಡ್ಡು ಒಯ್ಯಲಿಲ್ಲ. ಹಿಂದಿನ ದಿನ ಬರಿಗೈಯಲ್ಲಿ ಹೋಗಿ ಜೀಪು ಓಡಿಸಿ ನೋಡಿ ಬಂದಿದ್ದೆ. ಮರುದಿನ ಅವರನ್ನೇ ಅಂಕೋಲೆಯ ಬ್ಯಾಂಕಿಗೆ ಬರಹೇಳಿದೆ. ‘ನಂಬಿಕೆ ಇಲ್ವಾ?’ ಎಂದರು. ‘ನಿಮ್ಮ ಮೇಲಿದೆ, ದಾರಿ ಮೇಲೆ ಇಲ್ಲ’ ಎಂದೆ. ನಕ್ಕು ಬಂದರು. ಕೌಂಟರಿನ ಎದುರೇ ನೋಟು ಯಂತ್ರದಲ್ಲಿ ಓಡಿತು. ಮಾಡಿನ ಕೆಲಸಕ್ಕೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಅವರೂ ಅಲ್ಲೇ ಖಾತೆಗೆ ತುಂಬಿದರು.

ನಗದನ್ನು ನೀವು ಪಡೆಯುವವರಾದರೆ ಬ್ಯಾಂಕಿನಲ್ಲೇ ಪಡೆಯಲು ಇನ್ನೊಂದು ಕಾರಣವಿದೆ. ಖೋಟಾ ನೋಟು ಸಿಕ್ಕರೆ ಬ್ಯಾಂಕ್ ಅದನ್ನು ಮರಳಿಸುವುದಿಲ್ಲ, ಬದಲಿಗೆ ದುಡ್ಡೂ ಕೊಡುವುದಿಲ್ಲ. ಮುಟ್ಟುಗೋಲು ಹಾಕಿ ರಸೀದಿ ಕೊಡುತ್ತದೆ. ಒಂದೇ ಸಲಕ್ಕೆ ಐದು ಅಥವಾ ಹೆಚ್ಚು ಸಿಕ್ಕರೆ ಪೊಲೀಸ್ ದೂರು ಖಚಿತ. ಮನೆಯಲ್ಲೇ ನೋಡುವುದಾದರೆ 500ರ ನೋಟನ್ನು ಓರೆ ಮಾಡಿ. ಭದ್ರತಾ ದಾರ ಹಸಿರಿನಿಂದ ನೀಲಿಗೆ ತಿರುಗಬೇಕು. ಎರಡೂ ಅಂಚಿನಲ್ಲಿ ಕೈಗೆ ಸಿಗುವ ಐದೈದು ಉಬ್ಬು ಗೆರೆ ಇರಬೇಕು. ಬೆಳಕಿಗೆ ಹಿಡಿದರೆ ಗಾಂಧೀಜಿ ನೆರಳು, ಪಕ್ಕದಲ್ಲಿ 500 ಕಾಣಬೇಕು. ಹಿಂಬದಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ನಾಲ್ಕನೆಯದು, ಕೊಂಕಣಿ ಆರನೆಯದು. ಇದರಿಂದ ಖೋಟಾ ಗೊತ್ತಾಗುವುದಿಲ್ಲ, ಸುಮ್ನೆ ಹೇಳಿದೆ. ಕಾರವಾರದವರಿಗೆ ಎರಡೂ ಓದಲು ಬರುತ್ತದೆ!

ದುಡ್ಡು ಕೊಟ್ಟ ಕೈಯಲ್ಲೇ ಕಾಗದ ಪಡೆಯಿರಿ. ಎಷ್ಟು ಆರ್‌ಟಿಜಿಎಸ್, ಎಷ್ಟು ನಗದು, ದಿನಾಂಕ, ಗಾಡಿ ನಂಬರು ಬರೆದು, ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಮೇಲೆ ಸಹಿ. ಸ್ಟ್ಯಾಂಪ್ ಅಂಚೆ ಕಚೇರಿಯಲ್ಲಿ ಸಿಗುತ್ತದೆ. ಗಾಡಿ ನಿಮ್ಮ ಹೆಸರಿಗೆ ಆಗಲು ಫಾರಂ 29, 30ಕ್ಕೆ ಸಹಿ, ಗಾಡಿಯ ಮೇಲೆ ಸಾಲವಿದ್ದರೆ ಅದು ತೀರಿದ್ದಕ್ಕೆ ಫಾರಂ 35 ಮತ್ತು ಬ್ಯಾಂಕಿನ ಎನ್‌ಓಸಿ (ತಕರಾರಿಲ್ಲ ಎಂಬ ಪತ್ರ). ಕಾರವಾರದ ಕೆಎ-30 ಗಾಡಿ ಶಿರಸಿಗೆ ಬಂದರೂ ನಂಬರು ಬದಲಾಗುವುದಿಲ್ಲ.

ಎಲ್ಲ ಮುಗಿದಾಗ ಮಧ್ಯಾಹ್ನ ಒಂದೂವರೆ. ಜೀಪು ಹೆದ್ದಾರಿಗೆ ಬಂದರೂ ನಾನಿನ್ನೂ ಒಳಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ‘ಅದರಲ್ಲಿ ಈಗ ಎಂತ ಇದ್ದು ಮಾರಾಯ?’ ಎಂದ ಗೆಳೆಯ. ರಸ್ತೆ ಬದಿಯಲ್ಲಿ ಕರಿ ಈಶಾಡು ಮಾವಿನಹಣ್ಣಿನ ಬುಟ್ಟಿ ಕಂಡಿತು. ಟವೆಲ್ಲು, ಛತ್ರಿ ಹೊರಗೆ ತೆಗೆದು ಅದೇ ರೇಷನ್ ಚೀಲದ ತುಂಬ ಹಣ್ಣು ತುಂಬಿಸಿಕೊಂಡೆವು. ಕಿಸೆಯಲ್ಲಿದ್ದ ಇನ್ನೂರು ಸಾಲಲಿಲ್ಲ, ಉಳಿದದ್ದನ್ನು ಗೆಳೆಯ ಕೊಟ್ಟ.